ಕ್ಯಾಂಪರ್ ವ್ಯಾನಿನ ಎಸಿಗೆ ಯಾವ ಜನರೇಟರ್ ತಗೋಬೇಕು?

(ಈ ವಾರದ ವೀಡಿಯೋದ ಬರಹ ರೂಪ ಇದು. ಮಾತಾಡುವಾಗ ಅವಸರದಲ್ಲಿ ಬಿಟ್ಟುಹೋದ ಒಂದೆರಡು ಲೆಕ್ಕ ಇಲ್ಲಿ ಸೇರಿಸಿದ್ದೇನೆ.)



ಹಳೇ ಟೆಂಪೋ ಟ್ರಾವೆಲರ್ ಒಂದನ್ನ ಕ್ಯಾಂಪರ್ ವ್ಯಾನ್ ಮಾಡಿಸಿದ ಕಥೆ ಈ ಚಾನೆಲ್‌ನಲ್ಲಿ ಹೇಳಿದ್ದೆ. ಅವತ್ತಿಂದ ನನಗೆ ಬರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಥರದ್ದು. "ಸರ್, ಎಸಿ ಓಡಿಸೋಕೆ ಯಾವ ಜನರೇಟರ್ ತಗೊಂಡ್ರಿ? ಎಷ್ಟು ಕೆವಿಎ?" ಒಂದು ಸಾಲಿನ ಉತ್ತರ ಬೇಕು ಅನ್ನೋರಿಗೆ ಈಗಲೇ ಹೇಳಿಬಿಡ್ತೀನಿ. ಒಂದು ಟನ್ನಿನ ಇನ್ವರ್ಟರ್ ಎಸಿ, 2 ಕೆವಿಎ ಇನ್ವರ್ಟರ್ ಜನರೇಟರ್. ಆದರೆ ಈ ಒಂದು ಸಾಲನ್ನಷ್ಟೇ ನಂಬಿಕೊಂಡು ಹೊರಟ ನಮ್ಮ ಮನೆಯವರು ಕಳೆದ ಮೇ ತಿಂಗಳಲ್ಲಿ ಒಂದು ರಾತ್ರಿ ಕೂದಲೆಳೆ ಅಂತರದಲ್ಲಿ ಪಾರಾದೆವು. ಹಾಗಾಗಿ ಇವತ್ತು ಉದ್ದ ಉತ್ತರ.

ನನ್ನ ಬಗ್ಗೆ ಗೊತ್ತಿಲ್ಲದವರಿಗೆ: ನಾನು ಪುಣೆಯ ವಾಕಡ್‌ನಲ್ಲಿದ್ದೀನಿ, ಕೆಲಸ ಹಿಂಜವಡಿಯಲ್ಲಿ. ಎಂಟೆಕ್ ಮಾಡಿದ್ದು ಎಲೆಕ್ಟ್ರಾನಿಕ್ಸ್, ಹೊಟ್ಟೆಪಾಡಿಗೆ ಬರೆಯೋದು ಕೋಡ್. ಊರು ಬಾಗಲಕೋಟೆ ಕಡೆ. ಮನೆದೇವರು ಬಾದಾಮಿಯ ಬನಶಂಕರಿ. ವರ್ಷಕ್ಕೊಮ್ಮೆಯಾದರೂ ಅವ್ವ, ಅಪ್ಪನ್ನ ಕರ್ಕೊಂಡು ಹೋಗಲೇಬೇಕು. ಮಗನಿಗೆ ರಜೆ ಸಿಗೋದು ಮೇ ತಿಂಗಳಲ್ಲಿ. ಮೇ ತಿಂಗಳಲ್ಲಿ ಸೊಲ್ಲಾಪುರ, ವಿಜಯಪುರ ದಾಟೋದು ಅಂದ್ರೆ ಏನು ಅಂತ ಆ ಕಡೆಯವರಿಗೆ ಹೇಳಬೇಕಾಗಿಲ್ಲ. ವ್ಯಾನಿಗೆ ಎಸಿ ಬೇಕು ಅನ್ನೋ ಆಸೆ ಹುಟ್ಟಿದ್ದು ಅಲ್ಲಿ.

ಮೊದಲ ತಪ್ಪು: ಟನ್ನನ್ನು ವಾಟ್ ಅಂದುಕೊಂಡಿದ್ದು

ಒಂದು ಟನ್ ಅಂದರೆ ಗಂಟೆಗೆ 12,000 ಬಿಟಿಯು, ಅಂದಾಜು 3,500 ವಾಟ್. ಇದನ್ನ ನೋಡಿ ತುಂಬಾ ಜನ "ಹಾಗಾದ್ರೆ 4 ಕೆವಿಎ ಜನರೇಟರ್ ಬೇಕು" ಅಂತಾರೆ. ಅಲ್ಲ. ಆ 3,500 ವಾಟ್ ಎಸಿ ಒಳಗಿಂದ ಹೊರಗೆ ಸಾಗಿಸೋ ಬಿಸಿಯ ಲೆಕ್ಕ, ಅದು ಎಳೆಯೋ ಕರೆಂಟಿನ ಲೆಕ್ಕ ಅಲ್ಲ. ಎಸಿ ಬಿಸಿಯನ್ನು ತಯಾರು ಮಾಡಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆ ಹೊತ್ತು ಹಾಕುತ್ತೆ ಅಷ್ಟೇ. ಹೊರೋ ಹಮಾಲಿ ಕೂಲಿ ಮಾತ್ರ ಕರೆಂಟು. ಒಳ್ಳೆ ಎಸಿ ಆದರೆ ಆ ಕೂಲಿ ಸಾಗಿಸಿದ ಬಿಸಿಯ ಮೂರನೇ ಒಂದು ಪಾಲು ಅಥವಾ ಅದಕ್ಕಿಂತ ಕಡಿಮೆ. ಅಂದ್ರೆ ಒಂದು ಟನ್ನಿಗೆ ಸುಮಾರು ಒಂದು ಕಿಲೋವಾಟ್, ಬಿಸಿಲು ಜಾಸ್ತಿ ಇದ್ದಾಗ ಸ್ವಲ್ಪ ಮೇಲೆ.

ಇನ್ನೊಂದು ಗೊಂದಲ ಅಮೆರಿಕದ ವೀಡಿಯೋಗಳಿಂದ ಬರುತ್ತೆ. ಅಲ್ಲಿನ ವ್ಯಾನಿನ ಮೇಲೆ ಕೂರಿಸೋ ಎಸಿಗಳು ಹೆಚ್ಚಾಗಿ 13,500 ಬಿಟಿಯು, 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ಅವರು "13 ಆಂಪ್ಸ್ ಎಳೆಯುತ್ತೆ" ಅಂದರೆ ಅದೇ ವಾಟಿಗೆ ನಮ್ಮಲ್ಲಿ ಅರ್ಧ ಆಂಪ್ಸ್. ಅವರ ಅಂಕಿ ಎತ್ತಿ ಇಲ್ಲಿ ಇಡಬೇಡಿ.

ಹಾಗಾದ್ರೆ ಏನು ಮಾಡಬೇಕು? ನಿಮ್ಮ ಎಸಿಯನ್ನ ನೀವೇ ಅಳೀಬೇಕು. ಪುಣೆಯಲ್ಲಿದ್ದರೆ ಬುಧವಾರ ಪೇಠೆಯ ತಾಪಕೀರ್ ಗಲ್ಲಿಗೆ ಹೋಗಿ, ಬೆಂಗಳೂರಲ್ಲಿದ್ದರೆ ಎಸ್‌ಪಿ ರೋಡಿಗೆ ಹೋಗಿ, ಒಂದು ಕ್ಲಾಂಪ್ ಮೀಟರ್ ತಗೊಳ್ಳಿ. "ಇನ್‌ರಶ್" ಅನ್ನೋ ಬಟನ್ ಇರೋದೇ ಬೇಕು ಅಂತ ಕೇಳಿ. ಯಾಕೆ ಅಂತ ಈಗ ಹೇಳ್ತೀನಿ.

ಎರಡನೇ ತಪ್ಪು: ಮನೇಲಿ ಬಿದ್ದಿದ್ದ ಹಳೇ ಎಸಿ

ನಮ್ಮ ಮನೇಲಿ ಒಂದು ಟನ್ನಿನ ಹಳೇ ವಿಂಡೋ ಎಸಿ ಇತ್ತು. ದುಡ್ಡು ಉಳೀತು ಅಂತ ಅದನ್ನೇ ವ್ಯಾನಿನ ಹಿಂದೆ ಕೂರಿಸಿದೆ. ಜನರೇಟರ್ ಕೊಳ್ಳೋಕೆ ಮೊದಲು ಬಾಡಿಗೆಗೆ ತಂದು ನೋಡೋಣ ಅಂತ ಹೋದರೆ ಅಂಗಡಿಯವನು ಮರಾಠಿಯಲ್ಲಿ ಧೈರ್ಯ ಹೇಳಿದ, ಒಂದು ಟನ್ ತಾನೇ, ಈ ಎರಡೂವರೆ ಕೆವಿಎದು ಸಾಕೋ ಸಾಕು ಅಂತ. ನಮ್ಮ ಸೊಸೈಟಿಯ ವಿಸಿಟರ್ ಪಾರ್ಕಿಂಗ್‌ನಲ್ಲಿ ಭಾನುವಾರ ಬೆಳಗ್ಗೆ ಸ್ಟಾರ್ಟ್ ಮಾಡಿದೆ. ಫ್ಯಾನ್ ತಿರುಗಿತು, ಸರಿ. ಮೂರು ನಿಮಿಷ ಆದ್ಮೇಲೆ ಕಂಪ್ರೆಸರ್ ಶುರುವಾಗೋ ಹೊತ್ತಿಗೆ ಜನರೇಟರ್ ಎಮ್ಮೆ ಥರ ನರಳಿತು, ವೋಲ್ಟೇಜ್ 150ಕ್ಕೆ ಬಿತ್ತು, ಇಂಜಿನ್ ಆಫ್. ಮತ್ತೆ ಮಾಡಿದೆ, ಮತ್ತೆ ಅದೇ. ಮೂರನೇ ಸಲ ಸೊಸೈಟಿ ಸೆಕ್ರೆಟರಿ ಕೆಳಗಿಳಿದು ಬಂದರು.

ಆವಾಗ ಮೀಟರ್ ಹಿಡಿದು ನೋಡಿದ್ದು. ಅದೇ ಎಸಿಯನ್ನು ಮನೆ ಕರೆಂಟಿಗೆ ಹಾಕಿದರೆ ಓಡುವಾಗ 5.8 ಆಂಪ್ಸ್, ಸುಮಾರು 1,300 ವಿಎ. ಶುರುವಾಗೋ ಆ ಒಂದು ಗಳಿಗೆಯಲ್ಲಿ 27 ಆಂಪ್ಸ್! 230ರಿಂದ ಗುಣಿಸಿ, ಆರು ಸಾವಿರ ವಿಎ ದಾಟುತ್ತೆ. ಕಾಲು ಸೆಕೆಂಡ್ ಇರಬಹುದು, ಅಷ್ಟೇ. ಆದರೆ ಆ ಕಾಲು ಸೆಕೆಂಡ್ ತಡ್ಕೊಳ್ಳೋ ತಾಕತ್ತು ಎರಡೂವರೆ ಕೆವಿಎ ಜನರೇಟರಿಗೆ ಎಲ್ಲಿಂದ ಬರಬೇಕು?

ಕಾರಣ ಸರಳ. ನಿಂತಿರೋ ಎತ್ತಿನ ಗಾಡಿಯನ್ನ ಎಳೆಯೋಕೆ ಎತ್ತು ಎಷ್ಟು ಬಲ ಹಾಕುತ್ತೋ, ಓಡ್ತಿರೋ ಗಾಡಿಗೆ ಅಷ್ಟು ಬೇಡ. ಹಳೇ ಮಾದರಿಯ ಎಸಿಯಲ್ಲಿ ಕಂಪ್ರೆಸರ್ ಮೋಟರ್ ನಿಂತ ಜಾಗದಿಂದ ಪೂರ್ತಿ ವೇಗಕ್ಕೆ ಒಂದೇ ಏಟಿಗೆ ಏರಬೇಕು. ಆಗ ಅದು ಓಡುವ ಕರೆಂಟಿನ ಮೂರರಿಂದ ಆರು ಪಟ್ಟು ಎಳೆಯುತ್ತೆ. ಥರ್ಮೋಸ್ಟಾಟ್ ಕಟ್ ಆಗಿ ಮತ್ತೆ ಆನ್ ಆದಾಗಲೆಲ್ಲ ಇದೇ ಕಥೆ.

ಇದಕ್ಕೆ ಮೂರು ದಾರಿ ಇದೆ. ಒಂದು, 5 ಕೆವಿಎ ಜನರೇಟರ್ ತಗೊಳ್ಳೋದು. ದುಡ್ಡು, ತೂಕ, ಸದ್ದು, ಪೆಟ್ರೋಲ್ ಎಲ್ಲಾ ಜಾಸ್ತಿ, ಅದೂ ಕಾಲು ಸೆಕೆಂಡಿಗೋಸ್ಕರ. ಎರಡು, ಕಂಪ್ರೆಸರಿಗೆ ಸಾಫ್ಟ್ ಸ್ಟಾರ್ಟರ್ ಹಾಕಿಸೋದು. ಅದು ಮೋಟರನ್ನ ನಿಧಾನಕ್ಕೆ ಏರಿಸಿ ಆ ಮೊದಲ ಹೊಡೆತವನ್ನ ಅರ್ಧಕ್ಕೂ ಕಡಿಮೆ ಮಾಡುತ್ತೆ. ಮೂರು, ಎಸಿಯನ್ನೇ ಬದಲಾಯಿಸೋದು.

ನಾನು ಮೂರನೇದು ಮಾಡಿದೆ. ಒಂದು ಟನ್ನಿನ ಇನ್ವರ್ಟರ್ ಸ್ಪ್ಲಿಟ್ ಎಸಿ ತಗೊಂಡು, ಔಟ್‌ಡೋರ್ ಯೂನಿಟ್‌ನ ವ್ಯಾನಿನ ಹಿಂಬದಿಗೆ ರಬ್ಬರ್ ಬುಷ್ ಹಾಕಿ ಕೂರಿಸಿದೆ. ಇನ್ವರ್ಟರ್ ಎಸಿಯಲ್ಲಿ ಸಾಫ್ಟ್ ಸ್ಟಾರ್ಟ್ ಒಳಗೇ ಇರುತ್ತೆ. ಮೀಟರ್‌ನಲ್ಲಿ ಒಂದೂವರೆ ಆಂಪ್ಸ್‌ನಿಂದ ಶುರುವಾಗಿ ಮೆಲ್ಲಗೆ 5.2ರ ತನಕ ಏರಿತು. ಅಂದ್ರೆ 1,200 ವಿಎ, ಅದೂ ಮಧ್ಯಾಹ್ನದ ಬಿಸಿಲಲ್ಲಿ ನಿಂತ ವ್ಯಾನಿಗೆ. ಅದೇ ವ್ಯಾನನ್ನ ಹುಣಸೆ ಮರದ ನೆರಳಿಗೆ ನಿಲ್ಲಿಸಿ, ಗಾಜಿಗೆ ದಪ್ಪ ಪರದೆ ಎಳೆದು, ಒಂದು ಗಂಟೆ ಬಿಟ್ಟು ನೋಡಿದರೆ 2.4 ಆಂಪ್ಸ್!

ಇಲ್ಲಿ ನೆನಪಿಡಬೇಕಾದ ಮಾತು: ಜನರೇಟರ್ ದೊಡ್ಡದು ಮಾಡೋಕೆ ಮೊದಲು ಎಸಿಯ ಕೆಲಸ ಚಿಕ್ಕದು ಮಾಡಿ. ನೆರಳಿಗೆ ದುಡ್ಡಿಲ್ಲ. ಮೇಲ್ಛಾವಣಿಗೆ ಒಳಗಿನಿಂದ ಇನ್ಸುಲೇಶನ್ ಹಾಕಿಸೋ ಖರ್ಚು, ದೊಡ್ಡ ಜನರೇಟರಿಗೂ ಸಣ್ಣದಕ್ಕೂ ಇರೋ ವ್ಯತ್ಯಾಸದ ಮುಂದೆ ಏನೂ ಅಲ್ಲ.

ಬೋರ್ಡ್ ಮೇಲೆ ಬರೆದ ಕೆವಿಎ ಕೈಗೆ ಸಿಗಲ್ಲ

ಜನರೇಟರ್ ಪೆಟ್ಟಿಗೆ ಮೇಲೆ ಎರಡು ಅಂಕಿ ಇರುತ್ತೆ. ದೊಡ್ಡಕ್ಷರದಲ್ಲಿ ಇರೋದು ಗರಿಷ್ಠ, ಸ್ವಲ್ಪ ಹೊತ್ತಿಗೆ ಮಾತ್ರ. ಸಣ್ಣಕ್ಷರದಲ್ಲಿ "ರೇಟೆಡ್" ಅಂತ ಇರೋದು ಗಂಟೆಗಟ್ಟಲೆ ಕೊಡಬಲ್ಲದ್ದು. 2 ಕೆವಿಎ ಅಂತ ಕರೆಯೋದರ ರೇಟೆಡ್ ಸಾಮಾನ್ಯವಾಗಿ 1.8 ಆಸುಪಾಸು. ಲೆಕ್ಕಕ್ಕೆ ಸಣ್ಣಕ್ಷರದ್ದನ್ನೇ ಹಿಡೀರಿ.

ಆ ಸಣ್ಣ ಅಂಕಿಯಿಂದಲೂ ಕಳೀಬೇಕಾದ್ದು ಇದೆ. ಪೆಟ್ರೋಲ್ ಇಂಜಿನ್ ಉಸಿರಾಡೋದು ಗಾಳಿ. ಎತ್ತರಕ್ಕೆ ಹೋದಂಗೆ ಗಾಳಿ ತೆಳು, ಬಿಸಿ ಆದಂಗೆ ಇನ್ನೂ ತೆಳು. ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು 3.5 ಶೇಕಡಾ ಶಕ್ತಿ ಇಳಿಯುತ್ತೆ ಅನ್ನೋದು ರೂಢಿಯ ಲೆಕ್ಕ. ಪುಣೆ ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್, ವಿಜಯಪುರ, ಬಾದಾಮಿ ಕೂಡ ಹೆಚ್ಚು ಕಡಿಮೆ ಅಷ್ಟೇ. ಅಲ್ಲಿಗೆ ಆರೂವರೆ ಶೇಕಡಾ ಹೋಯ್ತು. 40 ಡಿಗ್ರಿ ಬಿಸಿಲಿಗೆ ಇನ್ನೊಂದು ಮೂರು ಶೇಕಡಾ. ಒಟ್ಟು ಹತ್ತು ಅಂದುಕೊಳ್ಳಿ. 1.8 ಕೆವಿಎ ಈಗ 1.6 ಆಯ್ತು. ಮಡಿಕೇರಿ, ಮಹಾಬಳೇಶ್ವರದಂಥ ಜಾಗಕ್ಕೆ ಹೋದರೆ ಇನ್ನೂ ಇಳಿಯುತ್ತೆ. ಪುಣ್ಯಕ್ಕೆ ಅಲ್ಲಿ ಎಸಿ ಬೇಡ.

ಈಗ ನನ್ನ ಲೆಕ್ಕ: ಎಸಿ 1,200, ಲೈಟು, ಫ್ಯಾನು, ಫೋನ್ ಚಾರ್ಜರ್ ಸೇರಿ 100. ಒಟ್ಟು 1,300 ವಿಎ. ಕೈಯಲ್ಲಿರೋದು 1,600. ಅಂದ್ರೆ ಎಂಬತ್ತು ಶೇಕಡಾ ಹೊರೆ. ಇದು ಸರಿಯಾದ ಜಾಗ. ಇದಕ್ಕಿಂತ ಮೇಲೆ ಹೋದರೆ ಇಂಜಿನ್ ಯಾವಾಗಲೂ ಕಿರುಚ್ತಾ ಇರುತ್ತೆ.

ಒಂದು ಎಚ್ಚರ. ಈ ಲೆಕ್ಕದಲ್ಲಿ ಚಹಾಕ್ಕೆ ಜಾಗ ಇಲ್ಲ. ಎಲೆಕ್ಟ್ರಿಕ್ ಕೆಟಲ್ ಒಂದೇ 1,500 ವಾಟ್. ನಮ್ಮವ್ವ ಸಂಜೆ ನಾಲ್ಕಕ್ಕೆ ಕೆಟಲ್ ಹಾಕಿದಾಗಲೆಲ್ಲ ಜನರೇಟರ್ ಕೆಂಪು ಲೈಟ್ ತೋರಿಸಿ ಕರೆಂಟ್ ಕಟ್ ಮಾಡ್ತಿತ್ತು. "ನಿನ್ನ ಎಂಟೆಕ್ಕಿಗೆ ಒಂದ್ ಕಪ್ ಚಾ ಕಾಸಾಕ ಆಗೂದಿಲ್ಲೇನೋ" ಅಂತ ಕೇಳಿದಳು. ಆಗಲ್ಲ ಅಂತ ಒಪ್ಪಿಕೊಂಡೆ. ಗ್ಯಾಸ್ ಒಲೆ ಹೊರಗಿಟ್ಟೆವು.

ಓಪನ್ ಫ್ರೇಮ್, ಇನ್ವರ್ಟರ್, ಡೀಸೆಲ್

ಅಂಗಡಿಯಲ್ಲಿ ಎರಡು ಜಾತಿ ತೋರಿಸ್ತಾರೆ. ಒಂದು, ಪೈಪಿನ ಚೌಕಟ್ಟಿನಲ್ಲಿ ಬೋಳಾಗಿ ಕೂತಿರೋ ಓಪನ್ ಫ್ರೇಮ್ ಜನರೇಟರ್. ಇನ್ನೊಂದು, ಸೂಟ್‌ಕೇಸ್ ಥರ ಮುಚ್ಚಿರೋ ಇನ್ವರ್ಟರ್ ಜನರೇಟರ್.

ಓಪನ್ ಫ್ರೇಮ್‌ನಲ್ಲಿ ಇಂಜಿನ್ ಸದಾ 3,000 ಆರ್‌ಪಿಎಂನಲ್ಲೇ ಓಡಬೇಕು, ಯಾಕಂದ್ರೆ 50 ಹರ್ಟ್ಸ್ ಬರೋದು ಆ ವೇಗದಿಂದಲೇ. ನೀವು ಬರೀ ಫೋನ್ ಚಾರ್ಜ್ ಮಾಡ್ತಿದ್ರೂ ಅದು ಪೂರ್ತಿ ವೇಗದಲ್ಲಿ ಗುಡುಗ್ತಾ ಇರುತ್ತೆ. ಬೆಲೆ ಕಡಿಮೆ, ರಿಪೇರಿ ಸುಲಭ. ಇನ್ವರ್ಟರ್ ಜನರೇಟರ್‌ನಲ್ಲಿ ಇಂಜಿನ್ ಮಾಡಿದ ಕರೆಂಟನ್ನ ಮೊದಲು ಡಿಸಿ ಮಾಡಿ, ಆಮೇಲೆ ಎಲೆಕ್ಟ್ರಾನಿಕ್ಸ್‌ನಿಂದ 50 ಹರ್ಟ್ಸ್ ಎಸಿ ಕರೆಂಟ್ ತಯಾರಿಸ್ತಾರೆ. ಹಾಗಾಗಿ ಹೊರೆ ಕಡಿಮೆ ಇದ್ದಾಗ ಇಂಜಿನ್ ವೇಗ ಇಳಿಸಬಹುದು. ಸದ್ದು, ಪೆಟ್ರೋಲ್ ಎರಡೂ ಇಳಿಯುತ್ತೆ. ಅಲೆಯೂ ನಯವಾಗಿರುತ್ತೆ. ಇನ್ವರ್ಟರ್ ಎಸಿಯ ಸರ್ಕ್ಯೂಟ್ ಬೋರ್ಡಿಗೆ ಆ ನಯ ಬೇಕು. ಬೋರ್ಡ್ ಹೋದರೆ ರಿಪೇರಿ ಬಿಲ್ ನೋಡಿದವರಿಗೆ ಗೊತ್ತು.

ನನಗೆ ಬಂದ ಕೊಟೇಶನ್‌ಗಳಲ್ಲಿ 2 ಕೆವಿಎ ಇನ್ವರ್ಟರ್ ಜನರೇಟರ್ ಲಕ್ಷದ ಆಸುಪಾಸಿನಲ್ಲಿತ್ತು. ತೂಕ 20 ಕೆಜಿ ಚಿಲ್ಲರೆ, ಒಬ್ಬರೇ ಎತ್ತಬಹುದು. 3 ಕೆವಿಎ ಆದರೆ ತೂಕ 60 ಕೆಜಿ ತನಕ ಹೋಗುತ್ತೆ, ಇಬ್ಬರು ಬೇಕು. ಎತ್ತೋಕೆ ಆಗದ ಜನರೇಟರ್ ಏನಾಗುತ್ತೆ ಅಂದ್ರೆ, ವ್ಯಾನಿನ ಮೂಲೆಯಲ್ಲೇ ಖಾಯಂ ಕೂತುಬಿಡುತ್ತೆ. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

"ಪುಣೆಯಲ್ಲೇ ಇದ್ದೀರಲ್ಲ, ಡೀಸೆಲ್ ಜನ್‌ಸೆಟ್ ಯಾಕೆ ಬೇಡ?" ಅಂತಲೂ ಕೇಳ್ತಾರೆ. ನಿಜ, ಈ ಊರು ಇಂಜಿನ್‌ಗಳ ತವರು. ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ 1946ರಲ್ಲಿ ಇಲ್ಲೇ ಖಡಕಿಯಲ್ಲಿ ಶುರುವಾಯ್ತು. ಆ ಮನೆತನದ ಉದ್ಯಮಕ್ಕೆ ಬೀಜ ಬಿದ್ದದ್ದು ನಮ್ಮ ಬೆಳಗಾವಿಯಲ್ಲಿ. ಈಗಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದರು. ಅಭಿಮಾನ ಇದೆ. ಆದರೆ ಡೀಸೆಲ್ ಜನ್‌ಸೆಟ್ ಅಂದರೆ ಆಸ್ಪತ್ರೆ, ಅಪಾರ್ಟ್‌ಮೆಂಟ್, ಮದುವೆ ಮಂಟಪದ ಸಾಮಾನು. ಸಣ್ಣದು ಅಂದ್ರೂ ಕೈಯಲ್ಲಿ ಎತ್ತಿ ಇಳಿಸೋ ತೂಕ ಅಲ್ಲ. ಸಿನಿಮಾ ಶೂಟಿಂಗ್‌ನ ಕ್ಯಾರವಾನ್ ಪಕ್ಕ ಜನರೇಟರಿಗೇ ಬೇರೆ ಗಾಡಿ ನಿಲ್ಲೋದನ್ನ ನೋಡಿರ್ತೀರಿ.

ಇಲ್ಲಿಯ ತನಕ ನನ್ನ ಎಕ್ಸೆಲ್ ಶೀಟ್‌ನಲ್ಲಿ ಇದ್ದದ್ದು. ಹದಿನಾಲ್ಕು ಕಾಲಂ ಇತ್ತು. ರೇಟೆಡ್, ಇನ್‌ರಶ್, ತೂಕ, ಡೆಸಿಬೆಲ್, ಗಂಟೆಗೆ ಎಷ್ಟು ಪೆಟ್ರೋಲ್, ಎಲ್ಲಾ. ಹೊಗೆ ಎಲ್ಲಿಗೆ ಹೋಗುತ್ತೆ ಅನ್ನೋ ಕಾಲಂ ಇರಲಿಲ್ಲ.

ಕೊಲ್ಹಾರದ ರಾತ್ರಿ

ಪುಣೆಯಿಂದ ತಡವಾಗಿ ಹೊರಟಿದ್ದೆವು. ವಿಜಯಪುರ ದಾಟಿ, ಕೃಷ್ಣಾ ನದಿಯ ಕೊಲ್ಹಾರ ಸೇತುವೆಗಿಂತ ಸ್ವಲ್ಪ ಹಿಂದೆ ಒಂದು ಢಾಬಾದ ಅಂಗಳದಲ್ಲಿ ರಾತ್ರಿ ವ್ಯಾನ್ ನಿಲ್ಲಿಸಿದೆ. ಹತ್ತು ಗಂಟೆಗೂ ಸೆಕೆ ಇಳಿದಿರಲಿಲ್ಲ. ಜನರೇಟರನ್ನ ಇಳಿಸಿ ವ್ಯಾನಿನ ಹಿಂದೆ ಎಂಟು ಅಡಿ ದೂರ ಇಟ್ಟೆ. ಸೈಲೆನ್ಸರ್ ಬಾಯಿ ಹೊರಗಡೆಗೆ ತಿರುಗಿಸಿದ್ದೆ, ನಾನು ಜಾಣ ಅನ್ನೋ ಸಮಾಧಾನ ಬೇರೆ. ಇನ್ನೂ ದೂರ ಇಡಬಹುದಿತ್ತು. ಇಡಲಿಲ್ಲ, ಯಾಕಂದ್ರೆ ಕಳ್ಳರ ಭಯ. ಲಕ್ಷ ರೂಪಾಯಿಯ ಸಾಮಾನು, ಕಣ್ಣಳತೆಯಲ್ಲಿ ಇರಲಿ ಅಂತ.

ಹನ್ನೊಂದರ ಹೊತ್ತಿಗೆ ಅವ್ವ ಎದ್ದು ಕೂತಳು. "ಯಾಕೋ ತಲಿ ಭಾಳ ಸಿಡಿಯಾಕತ್ತೈತಿ." ಅಪ್ಪ ಮಲಗಿದ್ದಲ್ಲಿಂದಲೇ "ಬಿಸಲಿಗಿ ಆಗಿರ್ತೈತಿ, ಮಕ್ಕೋ" ಅಂದರು. ನನಗೂ ಹಾಗೇ ಅನಿಸಿತು. ಹಗಲೆಲ್ಲಾ ಬಿಸಿಲು, ಢಾಬಾ ಊಟ, ಪಿತ್ತ ಇರಬೇಕು. ಇನ್ನೂ ಐದು ನಿಮಿಷ ಆಗಿರಲಿಲ್ಲ, ಹಾಸಿಗೆ ಪಕ್ಕದ ಅಲಾರಂ ಕೂಗೋಕೆ ಶುರು ಮಾಡಿತು. ಪರದೆಯಲ್ಲಿ 112 ಪಿಪಿಎಂ, ನೋಡ್ತಾ ನೋಡ್ತಾ ಏರ್ತಾ ಇದೆ.

ಮಗನನ್ನ ಹೆಂಡತಿ ಎತ್ಕೊಂಡಳು. ಅವ್ವ, ಅಪ್ಪನ್ನ ನಾನು ಕೈಹಿಡಿದು ಇಳಿಸಿದೆ. ಜನರೇಟರ್ ಆಫ್ ಮಾಡಿ, ಎಲ್ಲಾ ಬಾಗಿಲು ತೆಗೆದು, ಢಾಬಾದ ಹೊರಸಿನ ಮೇಲೆ ಕೂತೆವು. ಅರ್ಧ ಗಂಟೆಯಲ್ಲಿ ಅವ್ವನ ತಲೆನೋವು ಇಳಿಯಿತು. ಆದರೂ ಬೆಳಗ್ಗೆ ಡಾಕ್ಟರಿಗೆ ತೋರಿಸಿಕೊಂಡೇ ಮುಂದೆ ಹೋದೆವು.

ಏನಾಗಿತ್ತು? ಗಾಳಿ ದಿಕ್ಕು ಬದಲಾಯಿಸಿತ್ತು. ಹಿನ್ನೀರಿನ ಕಡೆಯಿಂದ ಬೀಸೋ ಗಾಳಿ ಹೊಗೆಯನ್ನ ವಾಪಸ್ ವ್ಯಾನಿಗೆ ತಳ್ತಾ ಇತ್ತು. ಎಸಿಯ ಪೈಪು ಒಳಗೆ ಹೋಗೋಕೆ ನಾನು ಹಿಂಬದಿಯಲ್ಲಿ ಕೊರೆಸಿದ ತೂತಿನ ಸುತ್ತ ಬೆರಳು ಹೋಗೋಷ್ಟು ಸಂದಿ ಇತ್ತು. ಎಂಸೀಲ್ ತುಂಬಬೇಕಿತ್ತು, ಹೊರಡೋ ಗಡಿಬಿಡಿಯಲ್ಲಿ ಬಿಟ್ಟಿದ್ದೆ. ಅಷ್ಟು ಸಾಕು.

ಆ ಅಲಾರಂ ನಾನು ತಗೊಂಡಿದ್ದೇ ಒಂದು ಸುದ್ದಿ ಓದಿ. 2024ರ ಡಿಸೆಂಬರ್‌ನಲ್ಲಿ ಕೇರಳದ ಕೋಳಿಕ್ಕೋಡ್ ಜಿಲ್ಲೆಯ ವಡಕರದಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನ್ ಒಳಗೆ ಇಬ್ಬರು ಸತ್ತು ಬಿದ್ದಿದ್ದರು. ಎಸಿಗೋಸ್ಕರ ಜನರೇಟರ್ ಓಡ್ತಿತ್ತು. ಕೋಳಿಕ್ಕೋಡಿನ ಎನ್‌ಐಟಿಯ ತಜ್ಞರು ಬಂದು ಅದೇ ವಾಹನದಲ್ಲಿ ಪರೀಕ್ಷೆ ಮಾಡಿದಾಗ, ಜನರೇಟರಿನ ಕಾರ್ಬನ್ ಮಾನಾಕ್ಸೈಡ್ ವಾಹನದ ತಳದ ರಂಧ್ರದಿಂದ ಒಳಗೆ ನುಗ್ಗಿತ್ತು ಅಂತ ಗೊತ್ತಾಯ್ತು. ನನ್ನದೂ ಅದೇ ಕಥೆ, ಅವರಿಗೆ ಎಬ್ಬಿಸೋಕೆ ಯಾರೂ ಇರಲಿಲ್ಲ ಅಷ್ಟೇ.

ಈ ಅನಿಲ ಯಾಕೆ ಇಷ್ಟು ಮೋಸದ್ದು

ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೇಲೆ ಇದನ್ನ ಬಿಗಿಯಾಗಿ ಹಿಡಿದುಕೊಳ್ಳುತ್ತೆ. ಬಸ್ಸಿನ ಸೀಟಿನ ಮೇಲೆ ಟವೆಲ್ ಹಾಕಿ ಹಿಡಿದ ಹಾಗೆ. ಆಮೇಲೆ ಬಂದ ಆಮ್ಲಜನಕಕ್ಕೆ ಕೂರೋಕೆ ಜಾಗ ಇಲ್ಲ. ಲಕ್ಷಣಗಳು ತಲೆನೋವು, ವಾಕರಿಕೆ, ತಲೆ ಸುತ್ತು, ನಿದ್ದೆ. ಪ್ರಯಾಣದಲ್ಲಿ ಇವೆಲ್ಲಾ ಮಾಮೂಲು, ಹಾಗಾಗಿ ಅನುಮಾನವೇ ಬರಲ್ಲ. ನಿದ್ದೆಯಲ್ಲಿದ್ದರೆ ಏಳೋದೇ ಇಲ್ಲ.

"ಕಾರು ಓಡಿದ್ರೂ ಹೊಗೆ ಬರುತ್ತಲ್ಲ?" ಕಾರಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇದೆ, ಇಂಜಿನ್‌ಗೆ ಎಷ್ಟು ಗಾಳಿ ಎಷ್ಟು ಪೆಟ್ರೋಲ್ ಅಂತ ಅಳೆಯೋ ಸೆನ್ಸರ್ ಇದೆ. ಸಣ್ಣ ಜನರೇಟರ್‌ಗಳಲ್ಲಿ ಸಾಮಾನ್ಯವಾಗಿ ಎರಡೂ ಇಲ್ಲ. ಹಾಗಾಗಿ ಗಾತ್ರ ಚಿಕ್ಕದಾದರೂ ಕಾರ್ಬನ್ ಮಾನಾಕ್ಸೈಡ್ ಕಾರಿಗಿಂತ ಎಷ್ಟೋ ಜಾಸ್ತಿ. ಇನ್ನೊಂದು ತಪ್ಪು ತಿಳಿವಳಿಕೆ, ಈ ಅನಿಲ ಭಾರ, ನೆಲದಲ್ಲೇ ಇರುತ್ತೆ ಅನ್ನೋದು. ಇಲ್ಲ. ಇದು ಗಾಳಿಗಿಂತ ಕೂದಲಷ್ಟು ಹಗುರ, ಗಾಳಿಯ ಜೊತೆ ಪೂರ್ತಿ ಬೆರೆಯುತ್ತೆ. ಕಿಟಕಿ ಸ್ವಲ್ಪ ತೆಗೆದಿಟ್ಟರೆ ಸಾಕು ಅನ್ನೋದೂ ತಪ್ಪು. ಅದೇ ಕಿಟಕಿಯಿಂದ ಒಳಗೂ ಬರಬಹುದು.

ಹಾಗಾದ್ರೆ ಎಷ್ಟು ದೂರ? ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಮನೆಯಿಂದ ಕನಿಷ್ಠ 20 ಅಡಿ ದೂರ, ಹೊಗೆ ಬಾಯಿ ಆಚೆ ಕಡೆಗೆ ಅನ್ನುತ್ತೆ. ನಾನು ಈಗ 30 ಅಡಿ ಇಡ್ತೀನಿ.

ಅಷ್ಟು ದೂರಕ್ಕೆ ವೈರ್ ಎಳೆದರೆ ವೋಲ್ಟೇಜ್ ಬೀಳಲ್ವಾ? ಲೆಕ್ಕ ಹಾಕೋಣ. 2.5 ಚದರ ಮಿಲಿಮೀಟರ್ ತಾಮ್ರದ ವೈರ್ 10 ಮೀಟರ್, ಹೋಗಿ ಬಂದು 20 ಮೀಟರ್, ರೋಧ ಸುಮಾರು 0.15 ಓಮ್. 6 ಆಂಪ್ಸ್‌ಗೆ ಬೀಳೋದು 0.9 ವೋಲ್ಟ್. ಒಂದು ವೋಲ್ಟ್ ಕೂಡ ಇಲ್ಲ! ಎಂಟು ಅಡಿಗೂ ಮೂವತ್ತು ಅಡಿಗೂ ಇರೋ ವ್ಯತ್ಯಾಸಕ್ಕೆ ನಾವು ಕೊಡೋ ಬೆಲೆ ಅಷ್ಟೇ. ಜೊತೆಗೆ ದೂರ ಎರಡರಷ್ಟು ಮಾಡಿದಾಗಲೆಲ್ಲ ಸದ್ದೂ 6 ಡೆಸಿಬೆಲ್ ಇಳಿಯುತ್ತೆ. ನಮ್ಮ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರ ತನಕ ಮಿತಿ 45 ಡೆಸಿಬೆಲ್. ಅಕ್ಕಪಕ್ಕದವರ ನಿದ್ದೆಗೂ ದೂರವೇ ಒಳ್ಳೇದು. ಕಳ್ಳರಿಗೆ? ಒಂದು ಬೈಕ್ ಚೈನು, ಒಂದು ಬೀಗ, ಒಂದು ಮರ.

ಅಲಾರಂ ಬಗ್ಗೆ ಎರಡು ಮಾತು. ಹೊಗೆ ಅಲಾರಂ ಬೇರೆ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಬೇರೆ. ಯುರೋಪಿನ ಇಎನ್ 50291 ಮಾನದಂಡ ನಮೂದಿಸಿರೋದನ್ನ ತಗೊಳ್ಳಿ, ಅದರ ಎರಡನೇ ಭಾಗ ಇಂಥ ವಾಹನಗಳಿಗೆಂದೇ ಇದೆ. ಆ ಮಾನದಂಡದಲ್ಲಿ 50 ಪಿಪಿಎಂಗೆ ಒಂದರಿಂದ ಒಂದೂವರೆ ಗಂಟೆ, 100ಕ್ಕೆ 10ರಿಂದ 40 ನಿಮಿಷ, 300ಕ್ಕೆ ಮೂರು ನಿಮಿಷದೊಳಗೆ ಕೂಗಬೇಕು. ನಮ್ಮಂಥ ಇಂಜಿನಿಯರುಗಳಿಗೆ ಒಂದು ಚಟ ಇರುತ್ತೆ, ಇನ್ನೂರು ರೂಪಾಯಿಯ ಸೆನ್ಸರ್ ತಂದು ನಾವೇ ಮಾಡೋಣ ಅಂತ. ಹವ್ಯಾಸಕ್ಕೆ ಮಾಡಿ, ಅವ್ವನ ತಲೆದಿಂಬಿನ ಪಕ್ಕ ಇಡೋಕೆ ಮಾಡಬೇಡಿ. ಟೆಸ್ಟ್ ಬಟನ್ ಒತ್ತಿದರೆ ಕೂಗುತ್ತೆ ಅಂತ ಸೆನ್ಸರ್ ಸರಿ ಇದೆ ಅಂತಲ್ಲ. ಅವಧಿ ಮುಗಿದ ಅಲಾರಂ ಬದಲಾಯಿಸಿ.

ಇನ್ನು ಜನರೇಟರನ್ನ ವ್ಯಾನಿನ ಒಳಗೆ ಅಥವಾ ತಳಕ್ಕೆ ಪೆಟ್ಟಿಗೆ ಮಾಡಿಸಿ ಖಾಯಂ ಕೂರಿಸೋದು. ನೀವೇ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸೋ ಕೆಲಸ ಅದಲ್ಲ. ಗಾಡಿಯ ರಚನೆ ಬದಲಿಸೋಕೆ ಆರ್‌ಟಿಒ ಅನುಮತಿ ಬೇಕು. ಮೋಟಾರ್ ಕ್ಯಾರವಾನ್‌ಗಳಿಗೇ ಬೇರೆ ಸುರಕ್ಷತಾ ಮಾನದಂಡ ಇದೆ. ಎತ್ತೋಕೆ ಆಗದ ಜನರೇಟರ್ ಮೂಲೆಯಲ್ಲೇ ಕೂರುತ್ತೆ ಅಂದಿದ್ದೆನಲ್ಲ, ಅದಕ್ಕೇ 20 ಕೆಜಿಯದ್ದು ನನಗೆ ಸರಿ. ಅದರ ಸಣ್ಣ ತೂಕವೂ ಒಂದು ಸುರಕ್ಷತೆ.

ಕರೆಂಟಿನ ಒಂದು ಎಚ್ಚರಿಕೆಯೂ ಹೇಳಿಬಿಡ್ತೀನಿ. ಎಷ್ಟೋ ಪೋರ್ಟಬಲ್ ಜನರೇಟರ್‌ಗಳಲ್ಲಿ ನ್ಯೂಟ್ರಲ್ ಅನ್ನೋದು ಬಾಡಿಗೆ ಜೋಡಿಸಿರಲ್ಲ. ಹಾಗಿದ್ದಾಗ ವ್ಯಾನಿನ ಆರ್‌ಸಿಸಿಬಿ ಶಾಕ್ ಹೊಡೆದರೂ ಟ್ರಿಪ್ ಆಗದೇ ಇರಬಹುದು. ಗೊತ್ತಿರೋ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ, ಜನರೇಟರ್ ಮೇಲೇ ಟೆಸ್ಟ್ ಮಾಡಿಸಿ.

ರಾತ್ರಿ ಏನು ಮಾಡಬೇಕು?

ಈಗ ನನ್ನ ನಿಯಮ ಒಂದೇ. ಎಲ್ಲರೂ ಮಲಗಿದ ಮೇಲೆ ಜನರೇಟರ್ ಓಡಬಾರದು.

ಲೆಕ್ಕವೂ ಇದನ್ನೇ ಹೇಳುತ್ತೆ. 2 ಕೆವಿಎ ಜನರೇಟರಿನ ಟ್ಯಾಂಕ್ ಮೂರೂವರೆ ಲೀಟರ್ ಹತ್ತಿರ. ಪೂರ್ತಿ ಹೊರೆಗೆ ಗಂಟೆಗೆ ಒಂದು ಲೀಟರ್, ಕಾಲು ಭಾಗ ಹೊರೆಗೆ ಅರ್ಧ ಲೀಟರಿಗೂ ಸ್ವಲ್ಪ ಕಡಿಮೆ. ಎಂಟು ಗಂಟೆ ನಿದ್ದೆಗೆ ಒಂದು ಟ್ಯಾಂಕ್ ಸಾಲಲ್ಲ. ನಡುರಾತ್ರಿ ನಿದ್ದೆಗಣ್ಣಲ್ಲಿ ಕಾದ ಇಂಜಿನ್‌ಗೆ ಪೆಟ್ರೋಲ್ ಸುರಿಯೋದಕ್ಕಿಂತ ಕೆಟ್ಟ ಯೋಚನೆ ಇನ್ನೊಂದಿಲ್ಲ.

ಹಾಗಾಗಿ ಜನರೇಟರ್ ಹಗಲಿಗೆ, ಸಂಜೆಗೆ. ಊಟಕ್ಕೆ ನಿಂತಾಗ, ಅಪ್ಪ ಮಧ್ಯಾಹ್ನ ಒಂದು ಗಂಟೆ ಅಡ್ಡಾಗುವಾಗ ನಾನು ಎಚ್ಚರ ಇದ್ದು ಹೊರಗೆ ಕೂತಿರ್ತೀನಿ. ಮಲಗೋಕೆ ಮೊದಲು ಎರಡು ಗಂಟೆ ಓಡಿಸಿ ವ್ಯಾನ್ ತಂಪು ಮಾಡಿ, ಆಫ್ ಮಾಡಿ, ಆಮೇಲೆ ಬ್ಯಾಟರಿಯ ಫ್ಯಾನು. ರಾತ್ರಿಯಿಡೀ ಎಸಿ ಬೇಕೇ ಬೇಕು ಅನ್ನೋರಿಗೆ ದಾರಿ ಲಿಥಿಯಂ ಬ್ಯಾಟರಿ. ರಾತ್ರಿ ಸರಾಸರಿ 500 ವಾಟ್, ಎಂಟು ಗಂಟೆಗೆ 4 ಯೂನಿಟ್. 48 ವೋಲ್ಟ್, 100 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಸುಮಾರು 5 ಯೂನಿಟ್ ಇರುತ್ತೆ. ದುಬಾರಿ, ಆದರೆ ಹೊಗೆ ಇಲ್ಲ. ಇಲ್ಲಾ ಅಂದ್ರೆ ಕರೆಂಟ್ ಪಾಯಿಂಟ್ ಕೊಡೋ ಲಾಡ್ಜ್ ಅಂಗಳ ಹುಡುಕಿ. ಅದೂ ಇಲ್ಲಾಂದ್ರೆ, ಬಾದಾಮಿಯಲ್ಲಿ ಕೆಎಸ್‌ಟಿಡಿಸಿಯ ಮಯೂರ ಚಾಲುಕ್ಯ ಇದೆ, ವಯಸ್ಸಾದವರಿಗೆ ಒಂದು ರೂಮ್ ಮಾಡಿ. ಕ್ಯಾಂಪರ್ ವ್ಯಾನ್ ಇದ್ದೂ ರೂಮ್ ಮಾಡೋದಾ ಅನ್ನೋ ಹಠ ಬೇಡ. ನನಗೂ ಇತ್ತು, ಆ ರಾತ್ರಿ ಹೊರಸಿನ ಮೇಲೆ ಕೂತಾಗ ಇಳೀತು.

ಹಾಗಾದ್ರೆ ಯಾವುದು ತಗೋಬೇಕು ಅನ್ನೋದಕ್ಕೆ ಈಗ ಉತ್ತರ ಹೀಗಿದೆ. ಮೊದಲು ವ್ಯಾನಿಗೆ ನೆರಳು, ಇನ್ಸುಲೇಶನ್. ಆಮೇಲೆ ಒಂದು ಟನ್ನಿನ ಇನ್ವರ್ಟರ್ ಎಸಿ, ಅದನ್ನ ಕ್ಲಾಂಪ್ ಮೀಟರ್‌ನಲ್ಲಿ ಅಳೆದು ಬರೆದಿಟ್ಟ ಅಂಕಿ. ಜನರೇಟರಿನ ರೇಟೆಡ್ ಅಂಕಿಯಲ್ಲಿ ಹತ್ತು ಶೇಕಡಾ ಕಳೆದು, ಉಳಿದದ್ದರ ಎಂಬತ್ತು ಶೇಕಡಾದೊಳಗೆ ನಿಮ್ಮ ಹೊರೆ ಕೂತರೆ ಅದೇ ನಿಮ್ಮ ಸೈಜು. ನಿಮ್ಮದು ಹಳೇ ಎಸಿ ಆದರೆ ಸಾಫ್ಟ್ ಸ್ಟಾರ್ಟರ್ ಹಾಕಿಸಿ, 3 ಕೆವಿಎ ನೋಡಿ. ಬಿಲ್ ಮಾಡಿಸೋ ಹೊತ್ತಿಗೆ ಅದೇ ಬಿಲ್‌ನಲ್ಲಿ ಹತ್ತು ಮೀಟರ್ ವೈರು, ಒಂದು ಬೈಕ್ ಚೈನು, ಎರಡು ಕಾರ್ಬನ್ ಮಾನಾಕ್ಸೈಡ್ ಅಲಾರಂ. ಇವು ಮೂರಕ್ಕೆ ದುಡ್ಡು ಸಾಲಲ್ಲ ಅಂದ್ರೆ ಜನರೇಟರಿಗೂ ದುಡ್ಡು ಸಾಲಲ್ಲ ಅಂತಲೇ ತಿಳ್ಕೊಳ್ಳಿ.

ಬನಶಂಕರಿ ದರ್ಶನ ಚೆನ್ನಾಗಾಯ್ತು. ಗುಡಿ ಮುಂದೆ ಖಡಕ್ ರೊಟ್ಟಿ, ಕೆಂಪು ಚಟ್ನಿ, ಮೊಸರು ತಿಂದೆವು. ವಾಪಸ್ ಬರುವಾಗ ಕೊಲ್ಹಾರದ ಅದೇ ಢಾಬಾದಲ್ಲಿ ಚಹಾಕ್ಕೆ ನಿಂತಾಗ ಅವ್ವ ಆ ಅಲಾರಂನ ಕೈಗೆತ್ತಿಕೊಂಡು ನೋಡಿದಳು. "ಇದಕ್ಕ ಎಷ್ಟ್ ಕೊಟ್ಟಿ?" ಅಂದಳು. ಹೇಳಿದೆ. "ಇನ್ನೊಂದ್ ತಗೊಂಡ್ ಬಿಡು" ಅಂದಳು. ಈಗ ವ್ಯಾನಿನಲ್ಲಿ ಎರಡು ಇವೆ.

ಹಳೇ ಎಸಿಗೆ ಸಾಫ್ಟ್ ಸ್ಟಾರ್ಟರ್ ಕೂರಿಸೋದನ್ನ ಮುಂದಿನ ವೀಡಿಯೋದಲ್ಲಿ ಮೀಟರ್ ಸಮೇತ ತೋರಿಸ್ತೀನಿ. ಅಲ್ಲಿಯ ತನಕ ಜೋಪಾನ. ನಮಸ್ಕಾರ.